ಅತ್ತೆಯನ್ನು ವಿಮಾನ ಹತ್ತಿಸಿದ್ದು

ನಮ್ಮ ಅತ್ತೆಗೆ ಮೇಲೆ ಚಾವಣಿ ಇರುವ ಯಾವ ವಾಹನವೂ ಆಗಿಬರುವುದಿಲ್ಲ. ಉಪ್ಪಿನಬೆಟಗೇರಿಯ ಹೊಲಕ್ಕೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಿಂತುಕೊಂಡು ಹೋಗಿಬರುತ್ತಾರೆ, ದಾರಿಯುದ್ದಕ್ಕೂ ಆಳುಗಳಿಗೆ ಬುದ್ಧಿವಾದ ಹೇಳುತ್ತಾರೆ, ಏನೂ ಆಗುವುದಿಲ್ಲ. ಅವರನ್ನೇ ಧಾರವಾಡದ ಬಸ್ಸಿಗೆ ಹತ್ತಿಸಿ ನೋಡಿ, ಎರಡು ನಿಲ್ದಾಣ ದಾಟುವುದರೊಳಗೆ ಸೆರಗು ಬಾಯಿಗೆ ಹೋಗುತ್ತದೆ. ಕಾರಿನಲ್ಲಂತೂ ಬಾಗಿಲು ಹಾಕಿದ ಸಪ್ಪಳಕ್ಕೇ ಹೊಟ್ಟೆ ತೊಳಸಲು ಶುರುವಾಗುತ್ತದೆ. ಹೀಗಾಗಿ ಮದುವೆ ಮುಂಜಿಗಳೆಲ್ಲ ನಮ್ಮ ಪಾಲಿಗೆ ಬಂದವು, ಅವರು ಮನೆ ಕಾಯುವವರಾದರು. ಅದರ ಬಗ್ಗೆ ಅವರಿಗೆ ದೊಡ್ಡ ಬೇಜಾರೇನೂ ಇರಲಿಲ್ಲ. ಬೇಜಾರಿದ್ದದ್ದು ಒಂದೇ ಒಂದು ಪ್ರಯಾಣದ ಬಗ್ಗೆ.

ಅವರ ಮಗಳು, ಎಂದರೆ ನನ್ನ ನಾದಿನಿ, ಮದುವೆಯಾಗಿ ಇರುವುದು ಬೆಂಗಳೂರಿನಲ್ಲಿ. ಅವಳು ಮೊದಲ ಸಲ ಬಸುರಿಯಾದಾಗ ಅತ್ತೆಯನ್ನು ರೈಲಿನಲ್ಲಿ ಕರೆದುಕೊಂಡು ಹೋಗುವುದೆಂದು ಠರಾಯಿಸಿದೆವು. ರೈಲು ಬಸ್ಸಿನಷ್ಟು ಕುಲುಕುವುದಿಲ್ಲ, ಕಿಟಕಿಯೂ ತೆರೆದಿರುತ್ತದೆ ಎಂಬುದು ನನ್ನ ಗಂಡನ ಲೆಕ್ಕಾಚಾರ. ಹಾವೇರಿ ಬರುವಷ್ಟರಲ್ಲಿ ಅತ್ತೆಯ ಕಣ್ಣು ಮೇಲೆ ಹೋಗಿದ್ದವಂತೆ. ಮಗ ಹೆದರಿ ಕೆಳಗಿಳಿಸಿ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮಲಗಿಸಿ, ಹುಬ್ಬಳ್ಳಿಗೆ ಬರುವ ಮುಂದಿನ ಗಾಡಿಗೆ ವಾಪಸ್ ಕರೆತಂದರು. ಅದಾದ ಕೆಲವು ದಿನಗಳಿಗೇ ನಾದಿನಿಯ ಗರ್ಭ ನಿಲ್ಲಲಿಲ್ಲ ಎಂಬ ಸುದ್ದಿ ಬಂತು. ಇದಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಹೇಳಿದರು, ನಾವೂ ಹೇಳಿದೆವು. ಅತ್ತೆ ಒಪ್ಪಲಿಲ್ಲ. "ನಾ ಹೋಗಿದ್ರ ಎರಡ ತುತ್ತು ಉಣಸ್ತಿದ್ನಿ" ಎಂದು ರೊಟ್ಟಿ ಬಡಿಯುತ್ತ, ಕಾಳು ಹಸನು ಮಾಡುತ್ತ, ಯಾರಿಗೂ ಅಲ್ಲದಂತೆ ಹೇಳಿಕೊಳ್ಳುವರು. ಕೇಳಿ ಕೇಳಿ ನನಗೆ ಸಿಟ್ಟೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ಈ ಶ್ರಾವಣದಲ್ಲಿ ನಾದಿನಿ ಮತ್ತೆ ಮೂರು ತಿಂಗಳ ಬಸುರಿ. ತವರಿಗೆ ಕರೆಸಿಕೊಳ್ಳೋಣವೆಂದರೆ ಪ್ರಯಾಣ ಬೇಡವೇ ಬೇಡ ಎಂದಿದ್ದರು ಅಲ್ಲಿಯ ಡಾಕ್ಟರಮ್ಮ. ಮನೆಯಲ್ಲಿ ಅವಳ ಅತ್ತೆಯಿಲ್ಲ, ತೀರಿಕೊಂಡು ವರ್ಷಗಳಾದವು. ಗಂಡ ಬ್ಯಾಂಕಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹುಡುಗಿ ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ತೂಕ ಇಳಿಯುತ್ತಿದೆ, ಹೀಗೇ ಆದರೆ ದವಾಖಾನೆಗೆ ಸೇರಿಸಿ ಸಲೈನು ಹಚ್ಚಬೇಕಾಗುತ್ತದೆ ಎಂದು ಅಳಿಯ ಫೋನು ಮಾಡಿದರು. ಅತ್ತೆ ಫೋನು ಕಸಿದುಕೊಂಡು, "ನಾ ಬರ್ತೇನಿ" ಎಂದರು. ಆ ಕಡೆಯಿಂದ ಮಗಳು ನಕ್ಕಿದ್ದು ನನಗೂ ಕೇಳಿಸಿತು.

"ಬ್ಯಾಡಬೇ ಯವ್ವಾ. ನಿನಗೂ ವಾಂತಿ, ನನಗೂ ವಾಂತಿ. ಯಾರು ಯಾರ ಬೆನ್ನು ತಿಕ್ಕೂದು?"

ಅವಳು ಹೇಳಿದ್ದು ಚೇಷ್ಟೆಗೇ. ಅತ್ತೆ ಮಾತ್ರ ಆ ದಿನ ಮಧ್ಯಾಹ್ನ ಮಲಗಲಿಲ್ಲ. ಸಂಜೆ ಮಗ ಮನೆಗೆ ಬಂದು ಚಪ್ಪಲಿ ಬಿಡುತ್ತಿರುವಾಗಲೇ, "ವಿಮಾನದ್ದು ತಿಕೀಟು ತಗಸು" ಎಂದರು.

ನನ್ನ ಗಂಡನದು ಅಮರಗೋಳದ ಮಾರುಕಟ್ಟೆಯಲ್ಲಿ ಕಾಳುಕಡಿಯ ವ್ಯಾಪಾರ. ಹೆಸರುಕಾಳು ಮಾರುಕಟ್ಟೆಗೆ ಬರುವ ಸಮಯ, ಅಂಗಡಿ ಬಿಟ್ಟು ಅಲುಗಾಡುವಂತಿರಲಿಲ್ಲ. ಕರೆದೊಯ್ಯುವ ಕೆಲಸ ನನ್ನ ತಲೆಗೆ ಬಂತು. ನಾನು ನವನಗರದ ಹೈಸ್ಕೂಲಿನಲ್ಲಿ ಗಣಿತದ ಶಿಕ್ಷಕಿ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳೆಂದು ಮಕ್ಕಳೂ ಹೇಳುತ್ತಾರೆ, ಮನೆಯವರೂ ಹೇಳುತ್ತಾರೆ. ಇಬ್ಬರ ಮಾತೂ ಒಂದೇ ಆದ ಮೇಲೆ ವಾದಿಸಿ ಉಪಯೋಗವಿಲ್ಲ.

"ದೊಡ್ಡ ವಿಮಾನ ಏನಲ್ಲಬೇ ಅದು, ಪಂಖಾದ್ದು. ನಮ್ಮ ಟಂಟಂ ಇದ್ದಂಗ. ಹತ್ತೂದು, ಇಳಿಯೂದು" ಎಂದು ನನ್ನ ಗಂಡ ಅವ್ವನಿಗೆ ಧೈರ್ಯ ತುಂಬಿದರು. ಆರು ಜನ ಕೂಡುವಲ್ಲಿ ಹನ್ನೆರಡು ಜನರನ್ನು ತುಂಬಿಕೊಂಡು ಓಲಾಡುತ್ತ ಹೋಗುವ ಟಂಟಂ ರಿಕ್ಷಾದಲ್ಲಿ ಅತ್ತೆ ಒಮ್ಮೆಯೂ ವಾಂತಿ ಮಾಡದೆ ಇಳಿದವರಲ್ಲ. ಇಂಥ ಧೈರ್ಯ ತುಂಬುವುದು ಗಂಡಸರಿಗೆ ಮಾತ್ರ ಸಾಧ್ಯ.

ಓಣಿಯ ಡಾಕ್ಟರ ಹತ್ತಿರ ಹೋಗಿ ಬಂದೆವು. ವಿಮಾನ ಹತ್ತುವ ಮೊದಲು ನುಂಗಲು ಮಾತ್ರೆ ಬರೆದುಕೊಟ್ಟು, "ಖಾಲಿ ಹೊಟ್ಟೀಲೆ ಮಾತ್ರ ಹೋಗಬ್ಯಾಡ್ರಿ ಅಮ್ಮಾರ. ಸ್ವಲ್ಪ ಒಣ ರೊಟ್ಟಿ ಆದ್ರೂ ತಿನ್ರಿ" ಎಂದರು. ಅತ್ತೆ ಸಣ್ಣ ಮಕ್ಕಳ ಹಾಗೆ ತಲೆಯಾಡಿಸಿದರು. ಅವರು ಅಷ್ಟು ಸಲೀಸಾಗಿ ಯಾರ ಮಾತನ್ನೂ ಒಪ್ಪುವವರಲ್ಲ ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು.

ಇಲ್ಲಿ ನಮ್ಮ ಮನೆಯ ಊಟದ ರೀತಿಯನ್ನು ಹೇಳಬೇಕು. ಅತ್ತೆಯ ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗವಿದೆ, ಪೂಜೆಯ ಹೊತ್ತು ಬಿಟ್ಟರೆ ಮೈಮೇಲಿಂದ ಇಳಿದದ್ದಿಲ್ಲ. ನಾನೂ ಲಿಂಗ ಕಟ್ಟಿಕೊಂಡವಳೇ, ಆದರೆ ನನ್ನದು ಪೂಜೆ ಮುಗಿಸಿ ದೇವರ ಜಗಲಿಯ ಮೇಲಿಟ್ಟು ಶಾಲೆಗೆ ಓಡುವ ಭಕ್ತಿ. ಅತ್ತೆ ತುತ್ತನ್ನು ಲಿಂಗಕ್ಕೆ ತೋರಿಸದೆ ಬಾಯಿಗೆ ಹಾಕುವುದಿಲ್ಲ. ತೋರಿಸಿದ ಮೇಲೆ ಅದು ರೊಟ್ಟಿಯಲ್ಲ, ಅನ್ನವಲ್ಲ, ಪ್ರಸಾದ. ಪ್ರಸಾದವನ್ನು ಒಂದು ಅಗುಳೂ ಬಿಡುವಂತಿಲ್ಲ. ಉಂಡ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದು ಏಳುತ್ತಾರೆ. ಸೊಸೆಯಾಗಿ ಬಂದ ಮೊದಲ ದಿನ ನಾನು ನಾಚಿಕೆಗೆ ಒಂದು ಹಿಡಿ ಅನ್ನ ಬಿಟ್ಟು ಏಳಹೋದೆ. ಅತ್ತೆ ಗದರಲಿಲ್ಲ. ನನ್ನ ಪಕ್ಕದಲ್ಲಿ ಬಂದು ಕೂತರು, ಅಷ್ಟೇ. ಅವರು ಏಳುವ ಲಕ್ಷಣ ಕಾಣದೆ ನಾನೇ ಉಂಡು ಮುಗಿಸಿದೆ. ಅವರ ಮಕ್ಕಳಿಬ್ಬರೂ ಹೀಗೆ ಪಕ್ಕದಲ್ಲಿ ಕೂತೇ ಬೆಳೆಸಿದ ಮಕ್ಕಳು.

ಹೊರಡುವ ದಿನ ಮಂಗಳವಾರ. ಹಿಂದಿನ ದಿನ ಶ್ರಾವಣ ಸೋಮವಾರವಾದ್ದರಿಂದ, "ರಾತ್ರಿ ಫಳಾರ ಮಾಡ್ತೇನಿ, ಊಟ ಬ್ಯಾಡ" ಎಂದರು. ಸರಿ ಎಂದೆ. ಬೆಳಿಗ್ಗೆ ಪೂಜೆಗೆ ಕೂತವರು ಎಷ್ಟು ಹೊತ್ತಾದರೂ ಏಳಲಿಲ್ಲ. ನಾನು ಎರಡು ಒಣ ಕಟಕ ರೊಟ್ಟಿ, ಶೇಂಗಾ ಚಟ್ನಿ ತಟ್ಟೆಗೆ ಹಾಕಿಟ್ಟು ಸೀರೆ ಉಡಲು ಹೋದೆ. ತಿರುಗಿ ಬರುವಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು, ತೊಳೆದೂ ಇಟ್ಟಿತ್ತು. ನನ್ನ ಕಣ್ಣೆದುರೇ ಡಾಕ್ಟರ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, ಲಿಂಗಕ್ಕೆ ತೋರಿಸಿ, ನುಂಗಿದರು. ಮಾತ್ರೆಯನ್ನೂ ಪ್ರಸಾದ ಮಾಡಿಕೊಂಡರಲ್ಲ, ಇನ್ನು ಗುಣ ಬರದಿದ್ದರೆ ಕೇಳು ಎಂದು ನಾನು ಒಳಗೊಳಗೇ ನಕ್ಕೆ.

ನನ್ನ ಗಂಡ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಬಿಟ್ಟರು. ಎಲ್ಲ ಕಿಟಕಿ ಇಳಿಸಿ, ಎತ್ತಿನ ಬಂಡಿಯ ವೇಗದಲ್ಲಿ ಬಂದೆವು, ಅತ್ತೆ ಕಣ್ಣು ಮುಚ್ಚಿಕೊಂಡು ನಿಭಾಯಿಸಿದರು. ತಪಾಸಣೆಯ ಪರದೆಯ ಹಿಂದೆ ಕೈಯಲ್ಲಿನ ಯಂತ್ರ ಎದೆಯ ಹತ್ತಿರ ಬಂದೊಡನೆ ಕುಂಯ್ ಎಂದಿತು. ಸಮವಸ್ತ್ರದ ಹೆಣ್ಣುಮಗಳು ಹಿಂದಿಯಲ್ಲಿ ಏನಿದು ಎಂದು ಕೇಳಿದಳು. "ಲಿಂಗ ಐತ್ರಿ" ಎಂದು ಅತ್ತೆ ಎರಡೂ ಕೈಯಿಂದ ಮುಚ್ಚಿ ಹಿಡಿದರು. ತೆಗೆ ಎಂದರೆ ಇಲ್ಲಿಂದಲೇ ಮನೆಗೆ ಎಂದು ನಾನು ಎಣಿಸಿದೆ. ಅವಳು ಕರಡಿಗೆಯನ್ನೂ ನೋಡಿದಳು, ಹಣೆಯ ಮೇಲಿನ ವಿಭೂತಿಯನ್ನೂ ನೋಡಿದಳು, ಮುಚ್ಚಳ ತೆರೆದು ತೋರಿಸೆಂದು ಸನ್ನೆ ಮಾಡಿದಳು. ತೋರಿಸಿದ ಮೇಲೆ ತನ್ನ ಎದೆಗೆ ಕೈ ಮುಟ್ಟಿಸಿಕೊಂಡು ಹೋಗಲು ಬಿಟ್ಟಳು.

ವಿಮಾನ ಟಂಟಂಗಿಂತ ದೊಡ್ಡದೇ ಇತ್ತು, ಆದರೆ ಬಹಳ ದೊಡ್ಡದೇನಲ್ಲ. ಒಳಗೆ ತಲೆ ಬಗ್ಗಿಸಿ ನಡೆಯಬೇಕು. ನಮ್ಮ ಸೀಟು ರೆಕ್ಕೆಯ ಪಕ್ಕದಲ್ಲೇ. ಕಿಟಕಿಯ ಹೊರಗೆ ಪಂಖಾ ನಿಧಾನ ತಿರುಗತೊಡಗಿತು. ಅತ್ತೆ ಅದರ ಮೇಲೆಯೇ ಕಣ್ಣು ನೆಟ್ಟಿದ್ದರು. ವೇಗ ಏರಿದಂತೆ ಅದರ ಎಲೆಗಳು ಕಾಣದಾದವು.

"ಏ ತಂಗಿ, ಪಂಖಾ ಕಾಣವಲ್ದು! ಬಿದ್ದು ಹೋತೇನು?"

"ಜೋರ್ ತಿರಗಾಕತ್ತೈತ್ರಿ, ಅದಕ್ಕ ಕಾಣೂದಿಲ್ಲ. ಮನ್ಯಾಗಿನ ಪಂಖಾ ನೋಡಿಲ್ಲೇನು?"

"ಮನ್ಯಾಗಿಂದು ಬಿದ್ರ ನಾವು ಕೆಳಗ ಬೀಳೂದಿಲ್ಲಲ್ಲ" ಎಂದರು. ಉತ್ತರ ಸರಿಯಾಗಿಯೇ ಇತ್ತು.

ಮುಂದಿನ ಸಾಲಿನ ಒಬ್ಬರು ಹಿಂತಿರುಗಿ ನಕ್ಕರು. ವಿಮಾನ ಏರಿತು. ಅತ್ತೆ ನನ್ನ ಮುಂಗೈಯನ್ನು ಬಳೆಯ ಸಮೇತ ಹಿಡಿದುಕೊಂಡರು. ಕೆಳಗೆ ಹಸಿರು ಹೊಲಗಳು ಕಂಡವು, ಅವನ್ನು ತೋರಿಸಹೋದೆ, ಅವರು ನೋಡಲಿಲ್ಲ. ಮಳೆಗಾಲದ ಮೋಡ ದಟ್ಟವಾಗಿತ್ತು. ಅದರೊಳಗೆ ಹೊಕ್ಕ ಮೇಲೆ ವಿಮಾನ ಕುಲುಕತೊಡಗಿತು, ನಡುನಡುವೆ ಒಮ್ಮೆಲೇ ಕೆಳಗೆ ಜಗ್ಗಿ ಬಿಡುತ್ತಿತ್ತು. ಅತ್ತೆಯ ಹಣೆಯಲ್ಲಿ ಬೆವರಿಳಿದು ವಿಭೂತಿ ಒದ್ದೆಯಾಯಿತು. ನಾನು ಸೀಟಿನ ಹಿಂಬದಿಯ ಕಾಗದದ ಚೀಲ ತೆಗೆದು ಬಾಯಿಗೆ ಹಿಡಿದೆ.

ಕರುಳು ಕಿತ್ತು ಬರುವಂತೆ ಓಕರಿಸಿದರು. ಬಂದದ್ದು ಎರಡು ಗುಟುಕು ಹಳದಿ ನೀರು. ಮತ್ತೆ ಓಕರಿಕೆ, ಮತ್ತೆ ಬರೀ ಪಿತ್ತ. ಎರಡು ರೊಟ್ಟಿ ತಿಂದವರ ವಾಂತಿ ಹೀಗಿರುವುದಿಲ್ಲ. ಅಷ್ಟು ಲೆಕ್ಕ ನನಗೆ ಬರುತ್ತದೆ.

"ಅತ್ತೀ, ಮುಂಜಾನಿ ರೊಟ್ಟಿ ತಿಂದಿರಿಲ್ಲೋ?"

"ತಿಂದ್ನಿ."

"ಖರೇ ಹೇಳ್ರಿ."

"ಕೈಚೀಲದಾಗ ಅದಾವ" ಎಂದು ಕಣ್ಣು ಮುಚ್ಚಿದರು.

"ರಾತ್ರಿ ಫಳಾರ?"

ಮುಚ್ಚಿದ ಕಣ್ಣಲ್ಲೇ ಇಲ್ಲವೆಂದು ತಲೆ ಅಲ್ಲಾಡಿಸಿದರು. ನನ್ನ ಸಿಟ್ಟು ನೆತ್ತಿಗೇರಿತು. ಡಾಕ್ಟರು ಏನು ಹೇಳಿದ್ದರು ಎಂದು ಕೇಳಿದೆ.

"ಡಾಕ್ಟರಿಗೇನ್ ಗೊತ್ತವಾ ಪ್ರಸಾದದ್ದು? ಲಿಂಗಕ್ಕ ತೋರಿಸಿ ಉಂಡದ್ದನ್ನ ಹಿಂಗ ಕಾಗದದ ಚೀಲಕ್ಕ ಕಾರಿ ಒಗೀಲೇನು? ಪಾಪ ಅಲ್ಲೇನು ಅದು? ಗಾಡಿ ಹತ್ತೂ ದಿನ ಬಾಯಿ ಕಟ್ಟು ಅಂತ ನಮ್ಮವ್ವ ಹೇಳಿದ್ಲು. ಸಣ್ಣಾಕಿ ಇದ್ದಾಗಿಂದ ನಾ ಉಂಡು ಗಾಡಿ ಹತ್ತಿದಾಕಿ ಅಲ್ಲ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಈ ಕಾರಣ ಗೊತ್ತಿರಲಿಲ್ಲ. ಪ್ರಯಾಣದ ಮುಂಚೆ ಉಣ್ಣುವುದಿಲ್ಲ ಎಂದು ಗೊತ್ತಿತ್ತು. ಬಹಳ ಜನ ಹಾಗೆ ಮಾಡುತ್ತಾರೆ, ಅದನ್ನು ಯಾರು ಕೆದಕಿ ಕೇಳುತ್ತಾರೆ? ಈಗ ಕೇಳಿದೆ.

"ರೈಲಿನ್ಯಾಗ ಹಾವೇರಿ ಮಟಾ ಹೋದಾಗ?"

"ಅವಾಗ ದೂರದ ಹಾದಿ ಅಂತ ಎರಡ ದಿನ ಬಿಟ್ಟಿದ್ನಿ."

ಹಾವೇರಿಯಲ್ಲಿ ಈ ಹೆಂಗಸಿನ ಕಣ್ಣು ಮೇಲೆ ಹೋದದ್ದು ಬರೀ ರೈಲಿನ ಕುಲುಕಾಟಕ್ಕಲ್ಲ, ಎರಡು ದಿನದ ಹಸಿವೆಗೆ. ಮಗಳಿಗೆ ಉಣಿಸಲು ಹೊರಟವರು ತಾವು ಉಪವಾಸ ಬಿದ್ದು ಅರ್ಧ ದಾರಿಯಿಂದ ಮರಳಿದ್ದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಜೋಡಿಯಲ್ಲಿ ಊಟ ಬಾರದ್ದು ಅವರಿಗೆ, ಮಾತು ಬಾರದ್ದು ನನಗೆ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಹಂಗಾದ್ರ ಅಲ್ಲಿ ಹೋಗಿ ಆಕಿಗೆ ಏನಂತ ಉಣಸ್ತೀರಿ? ಆಕಿ ಉಂಡದ್ದೆಲ್ಲಾ ಹೊರಗ ಬರಾಕತ್ತೈತಿ. ನೀನೂ ಬಾಯಿ ಕಟ್ಟು ಅಂತೀರೇನು?"

"ಆಕಿದು ಬ್ಯಾರೆ. ಆಕಿ ಬಸುರಿ."

"ಪ್ರಸಾದಕ್ಕೇನ್ ಗೊತ್ತಾಗತೈತ್ರಿ, ಬಸುರಿ ಹೊಟ್ಟಿ ಯಾವ್ದು, ನಿಮ್ಮ ಹೊಟ್ಟಿ ಯಾವ್ದು ಅಂತ?"

ಇಂಥ ಮಾತಿಗೆ ಎರಡರಷ್ಟು ವಾಪಸ್ ಕೊಡುವ ಅತ್ತೆ ಮಡಿಲಲ್ಲಿದ್ದ ಕಾಗದದ ಚೀಲವನ್ನು ನೋಡುತ್ತ ಕೂತರು. ವಿಮಾನ ಇನ್ನೊಮ್ಮೆ ಜಗ್ಗಿತು. ಆಗ ಅವರ ಮುಖದ ಬಣ್ಣ ಬದಲಾಯಿತು, ಅದು ವಾಂತಿಯದಲ್ಲ.

"ತಂಗಿ, ಆಕಿನೂ ಹಿಂಗ ಮಾಡಾಕತ್ತಾಳೇನು? ಬಂದುಬಿಡತೈತಿ ಅಂತ ಉಣ್ಣೂದ ಬಿಟ್ಟಾಳೇನು?"

ನನಗೆ ಗೊತ್ತಿರಲಿಲ್ಲ. ಆದರೆ ನಾದಿನಿ ಯಾರ ಪಕ್ಕದಲ್ಲಿ ಕೂತು ಉಂಡು ಬೆಳೆದವಳೆಂದು ಗೊತ್ತಿತ್ತು. "ಇರಬೇಕ್ರಿ" ಎಂದೆ.

ಅತ್ತೆ ಬಗ್ಗಿ ಕಾಲ ಬಳಿಯ ಚೀಲದಿಂದ ಬಟ್ಟೆಯ ಗಂಟು ತೆಗೆದರು. ಬೆಳಗಿನ ಎರಡೂ ರೊಟ್ಟಿ ಅದರಲ್ಲಿದ್ದವು. ಒಂದು ಚೂರು ಮುರಿದು, ಎದೆಯ ಕರಡಿಗೆಗೆ ತೋರಿಸಿ, ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದು ನುಂಗಿದರು. ಇನ್ನೊಂದು ಚೂರು. ಅದು ಇಳಿಯುವ ಮುಂಚೆಯೇ ಹಿಂದಿನದು ಸಮೇತ ಮೇಲೆ ಬಂತು. ನಾನು ಹಣೆ ಹಿಡಿದೆ, ಅವರು ಎರಡೂ ಕೈಯಿಂದ ಚೀಲ ಹಿಡಿದರು. ಮುಗಿದ ಮೇಲೆ ಚೀಲದೊಳಗೆ ಇಣುಕಿದರು. ಹುಟ್ಟಿದಾಗಿನಿಂದ ಮಾಡಬಾರದೆಂದುಕೊಂಡದ್ದನ್ನು ಅವರು ಆಗಷ್ಟೇ ಮಾಡಿದ್ದರು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಬೇಡ ಬಿಡಿ ಎನ್ನಲು ಬಾಯಿ ತೆರೆದೆ.

"ಇನ್ನೊಂದ ಚೂರ ಮುರದ ಕೊಡು" ಎಂದರು.

ಕೊಟ್ಟೆ. ಲಿಂಗಕ್ಕೆ ತೋರಿಸಿ ತಿಂದರು. ಅದು ನಿಂತಿತು. ಮುಂದಿನದೂ ನಿಂತಿತು. ಮೋಡ ದಾಟಿ ವಿಮಾನ ಸ್ವಲ್ಪ ಸಮಾಧಾನಕ್ಕೆ ಬಂದದ್ದೂ ಇರಬಹುದು, ರೊಟ್ಟಿಯ ಗುಣವೂ ಇರಬಹುದು, ತಡವಾಗಿ ಮಾತ್ರೆ ಹತ್ತಿದ್ದೂ ಇರಬಹುದು. ಗಗನಸಖಿ ಬಂದು ಚೀಲಕ್ಕೆ ಕೈ ಚಾಚಿದಳು. ಅತ್ತೆ ಅದರ ಬಾಯಿ ಮಡಚಿ ಸೆರಗಿನಡಿ ಇಟ್ಟುಕೊಂಡು ತಲೆ ಅಲ್ಲಾಡಿಸಿದರು. ಆ ಹುಡುಗಿ ನನ್ನ ಮುಖ ನೋಡಿದಳು. ಇದನ್ನು ಯಾವ ಭಾಷೆಯಲ್ಲಿ ಹೇಳುವುದೆಂದು ತಿಳಿಯದೆ ನಾನು ಸುಮ್ಮನೆ ನಕ್ಕೆ.

ಬೆಂಗಳೂರಿನಲ್ಲಿ ಇಳಿದು ಹೊರಗೆ ಬಂದೊಡನೆ ಅವರು ಹುಡುಕಿದ್ದು ಮಣ್ಣನ್ನು. ಎಲ್ಲಿ ನೋಡಿದರೂ ಕಲ್ಲು, ಸಿಮೆಂಟು. ಕೊನೆಗೆ ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲಿ ಹೂಗಿಡಗಳ ಸಾಲು ಕಂಡಿತು. ಕಸದ ಡಬ್ಬಿ ಅದರ ಪಕ್ಕದಲ್ಲೇ ಇತ್ತು. ಅತ್ತೆ ಅದನ್ನು ದಾಟಿ ಹೋಗಿ, ಗಿಡದ ಬುಡದಲ್ಲಿ ಚೀಲ ಬೋರಲು ಹಾಕಿ, ಕಾಲಿನಿಂದ ಮಣ್ಣು ಸರಿಸಿ ಮುಚ್ಚಿದರು. ನಾನು ಯಾರಾದರೂ ಸೀಟಿ ಊದಿಯಾರೆಂದು ಅತ್ತಿತ್ತ ನೋಡುತ್ತ, ಅವರಿಗೆ ಪರಿಚಯವೇ ಇಲ್ಲದವಳಂತೆ ನಿಂತಿದ್ದೆ.

"ಮಣ್ಣಿಗಿ ಹೋದ್ರ ಅಡ್ಡಿಯಿಲ್ಲ" ಎಂದರು ಬಂದು.

ಅಲ್ಲಿಂದ ಬಾಡಿಗೆ ಕಾರು. ಮೇಲುಸೇತುವೆ ಹತ್ತಿ ಇಳಿಯುವಾಗ ಇನ್ನೊಮ್ಮೆ ವಾಂತಿಯಾಯಿತು, ಡ್ರೈವರು ಗೊಣಗಿದ. ಅತ್ತೆ ಬಾಯಿ ಒರೆಸಿಕೊಂಡು ಉಳಿದ ರೊಟ್ಟಿ ಕೇಳಿದರು. ಮಗಳ ಮನೆ ತಲುಪುವಷ್ಟರಲ್ಲಿ ಗಂಟು ಖಾಲಿಯಾಗಿತ್ತು.

ಬಾಗಿಲು ತೆರೆದವಳ ಗುರುತು ನನಗೆ ತಕ್ಷಣ ಹತ್ತಲಿಲ್ಲ. ನಮ್ಮ ನಾದಿನಿ ಗುಂಡುಗುಂಡಗೆ ಇದ್ದ ಹುಡುಗಿ. ಕೆನ್ನೆಯೆಲುಬು ಮೇಲೆ ಬಂದಿದ್ದವು, ಬಳೆ ಮೊಣಕೈವರೆಗೆ ಸರಿಯುತ್ತಿದ್ದವು. ಅತ್ತೆ ಹೊರಟ ಸುದ್ದಿಯನ್ನು ನಾನು ಹೇಳಿದ್ದರೂ ಅವಳು ನಂಬಿರಲಿಲ್ಲವಂತೆ, ಎಲ್ಲೋ ಇಳಿದು ವಾಪಸ್ ಹೋದರೆಂದು ಫೋನು ಬರುವುದನ್ನೇ ಕಾಯುತ್ತಿದ್ದಳಂತೆ. ತಾಯಿಯನ್ನು ನೋಡಿ ಬಾಗಿಲಲ್ಲೇ ಜೋರಾಗಿ ಅತ್ತಳು. ಅತ್ತೆ ಅಳಲಿಲ್ಲ. ಕೈಕಾಲು ತೊಳೆದುಕೊಂಡು ಅಡುಗೆಮನೆ ಎಲ್ಲಿ ಎಂದು ಕೇಳಿದರು.

ಊರಿಂದ ತಂದ ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ, ಮಜ್ಜಿಗೆ ಕಲಸಿ, ಸ್ವಲ್ಪ ಉಪ್ಪು ಹಾಕಿ ಬಟ್ಟಲಲ್ಲಿ ತಂದರು. ಮಗಳು ದಿವಾನದ ಮೇಲೆ ಮುದುಡಿ ಕೂತಿದ್ದಳು. ಬಟ್ಟಲು ಕಂಡು ಮುಖ ಹಿಂದಕ್ಕೆ ಸರಿಸಿದಳು.

"ಬ್ಯಾಡಬೇ. ಬಂದುಬಿಡತೈತಿ. ದಿನಾ ಸಿಂಕಿನ್ಯಾಗ ಒಗೀಬೇಕಂದ್ರ ನನಗ ಜೀವ ಹೋದಂಗ ಆಗತೈತಿ. ಅದಕ್ಕಿಂತ ಉಣ್ಣದಿದ್ರನ ಛಲೋ."

ಅತ್ತೆ ನನ್ನ ಕಡೆ ನೋಡಲಿಲ್ಲ. ಮಗಳ ಪಕ್ಕದಲ್ಲಿ ಕೂತು, ಬಟ್ಟಲನ್ನು ಲಿಂಗಕ್ಕೆ ತೋರಿಸಿ ಚಮಚ ತುಂಬಿಸಿದರು.

"ಬರಲಿ. ಬಂದ್ರ ಮತ್ತ ಉಣಸ್ತೇನಿ. ನುಚ್ಚು ಬೇಕಾದಷ್ಟೈತಿ."

"ಪ್ರಸಾದ ಹಾಳಾಗತೈತೆಬೇ."

"ನಾ ಇವತ್ತ ಎರಡ ಸಲ ಹಾಳ ಮಾಡೇನಿ. ಏನಾಗೈತಿ ನನಗ? ನಿನ್ನ ಮುಂದ ಕುಂತೇನಿ. ಬಾಯಿ ತಗಿ."

ಮೊದಲ ಸಲ ಉಂಡದ್ದೆಲ್ಲ ಬಂತು. ನಾನು ಬೋಗುಣಿ ಹಿಡಿದೆ, ಅತ್ತೆ ಬೆನ್ನು ತಿಕ್ಕಿದರು, ಮುಖ ಒರೆಸಿದರು, ಮತ್ತೆ ಚಮಚ ಎತ್ತಿದರು. ಎರಡನೆಯ ಸಲ ಅರ್ಧ ಬಂತು. ಆಮೇಲೆ ಅವಸರ ಮಾಡದೆ, ಒಂದು ಚಮಚಕ್ಕೂ ಇನ್ನೊಂದಕ್ಕೂ ನಡುವೆ ಊರಿನ ಸುದ್ದಿ ಹೇಳುತ್ತ, ಯಾರ ಎಮ್ಮೆ ಈಯಿತು, ಯಾರ ಹೊಲದಲ್ಲಿ ಹೆಸರು ಚೆನ್ನಾಗಿ ಬಂತು ಎನ್ನುತ್ತ ಉಣಿಸಿದರು. ಬಟ್ಟಲಿನ ತಳ ಕಂಡಿತು. ನಾವು ಮೂವರೂ ಬೋಗುಣಿ ನೋಡುತ್ತ ಕಾದೆವು. ಏನೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ನಾದಿನಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು.

ನೀವು ಊಟ ಮಾಡ್ರಿ ಎಂದೆ ಅತ್ತೆಗೆ, ಪಿಸುಮಾತಿನಲ್ಲಿ.

"ಹೌದವಾ, ಭಾಳ ಹಸಿವ್ಯಾಗೈತಿ. ಆದ್ರ ಎದ್ರ ಆಕಿಗೆ ಎಚ್ಚರ ಆಗತೈತಿ."

ಅವರ ಎಡಗೈ ಮಗಳ ತಲೆಯ ಕೆಳಗಿತ್ತು, ಬಲಗೈಯನ್ನು ಅವಳು ನಿದ್ದೆಯಲ್ಲೇ ಹಿಡಿದುಕೊಂಡಿದ್ದಳು. ನಾನು ಪಾತ್ರೆಯಲ್ಲಿ ಉಳಿದಿದ್ದ ನುಚ್ಚಿಗೆ ಮಜ್ಜಿಗೆ ಹಾಕಿ ತಂದು, ಬಟ್ಟಲನ್ನು ಅವರ ಎದೆಯ ಮೇಲಿನ ಕರಡಿಗೆಗೆ ತೋರಿಸಿ, ನನ್ನ ಕೈಯಾರೆ ಒಂದೊಂದೇ ಚಮಚ ಉಣಿಸಿದೆ. ನಮ್ಮಿಬ್ಬರಿಗೂ ನಾಚಿಕೆಯಾಗುತ್ತಿತ್ತು. ಸಣ್ಣ ಮಕ್ಕಳು ಬಾಯಿ ತೆರೆಯುವ ಹಾಗೆ ಬಾಯಿ ತೆರೆಯುತ್ತ, ಅವರು ಪೂರ್ತಿ ಉಂಡರು.